ಮೇಲುಸಿರು ಬಿಡುವ ಮೀನಿಗೆ ಸುಣ್ಣವೇಕೆ?

"ಸಾರ್, ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ. ಎರಡು ಮೂಟೆ ಸುಣ್ಣ ಹಾಕಿದ್ದಾಯಿತು. ಇನ್ನು ಯಾವ ಔಷಧ ಹಾಕಲಿ?" ಬೇಸಿಗೆ ಬಂದರೆ ನನಗೆ ಇಂಥ ಫೋನುಗಳ ಸುಗ್ಗಿ. ಸುಣ್ಣ ಎಂದೊಡನೆ ನನ್ನ ದನಿ ಏರುವುದು ಮನೆಯವರಿಗೂ ಗೊತ್ತು.

ಕಳೆದ ಏಪ್ರಿಲ್‌ನಲ್ಲಿ ಮಂಡ್ಯದ ಕಡೆ ಒಂದು ಕೃಷಿ ಹೊಂಡ ನೋಡಲು ಹೋಗಿದ್ದೆ. ನೀರು ಪಾಚಿಗಟ್ಟಿ ಕಡುಹಸಿರಾಗಿತ್ತು. ಸೋತು ತೇಲುತ್ತಿದ್ದ ಕಟ್ಲಾ ಒಂದನ್ನು ಹಿಡಿದು ಕಿವಿರಿನ ಮುಚ್ಚಳ ಎತ್ತಿದೆ. ದಾಸವಾಳದಂತೆ ಕೆಂಪಗಿರಬೇಕಾದ ಎಳೆಗಳು ಊದಿ, ಬಿಳಿಚಿಕೊಂಡು, ಲೋಳೆಯಲ್ಲಿ ಒಂದಕ್ಕೊಂದು ಅಂಟಿದ್ದವು. ಅಂಚಿನಲ್ಲಿ ಹಳದಿ ಮಿಶ್ರಿತ ಕಂದು ಕೊಳೆತ. ನೋಟಕ್ಕೆ ಫ್ಲಾವೊಬ್ಯಾಕ್ಟೀರಿಯಂ ಸೋಂಕು. ಸೂಕ್ಷ್ಮದರ್ಶಕದಲ್ಲಿ ನೋಡದೆ ಖಚಿತವಾಗಿ ಹೇಳಲಾರೆ. ಈ ಜಾತಿಯ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ನೀರಿನಲ್ಲೇ ಇರುತ್ತದೆ. ಉಳಿದ ಮೇವು, ಮೀನಿನ ಹಿಕ್ಕೆ ಕೊಳೆತು ಅಮೋನಿಯಾ ಹೆಚ್ಚಿ ಕಿವಿರು ಗಾಸಿಯಾದರೆ ಅಲ್ಲಿ ಸುಲಭವಾಗಿ ನೆಲೆಯೂರುತ್ತದೆ.

ಈಗ ಸುಣ್ಣಕ್ಕೆ ಬರುತ್ತೇನೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಒಂದರ ಕಾಟ ಕಡಿಮೆ, ಇನ್ನೊಂದು ವಿಷ. 25 ಡಿಗ್ರಿ ಶಾಖದ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 7 ಇದ್ದರೆ ವಿಷದ ಪಾಲು ನೂರಕ್ಕೆ ಒಂದೂ ಇಲ್ಲ. ಪಿಎಚ್ 8 ಆದರೆ ಸುಮಾರು 5. 9 ಆದರೆ 35ರ ಆಸುಪಾಸು. ಸುಟ್ಟ ಸುಣ್ಣವಾಗಲಿ, ಅರಳಿದ ಸುಣ್ಣವಾಗಲಿ, ಪಿಎಚ್ ಏರಿಸುತ್ತದೆ. ಹೊಸದಾಗಿ ಒಂದು ತೊಟ್ಟು ಅಮೋನಿಯಾ ಸೇರದಿದ್ದರೂ, ಇದ್ದದ್ದೇ ವಿಷವಾಯಿತಲ್ಲ! ಸಾಲದ್ದಕ್ಕೆ ಪಾಚಿ ತುಂಬಿದ ಹೊಂಡದಲ್ಲಿ ಮಧ್ಯಾಹ್ನದ ಬಿಸಿಲಿಗೆ ಪಿಎಚ್ ತಾನಾಗಿಯೇ 9 ಮುಟ್ಟುವುದುಂಟು. ಬೆಳಿಗ್ಗೆ ಒಮ್ಮೆ ಅಳೆದು "ಏಳೂವರೆ ಇದೆ ಸಾರ್" ಎಂದರೆ ನಾನು ಒಪ್ಪುವುದಿಲ್ಲ. ಆಮ್ಲಜನಕವನ್ನು ನಸುಕಿನಲ್ಲಿ, ಪಿಎಚ್ ಅನ್ನು ಮೂರು ಗಂಟೆಗೆ ಅಳೆಯಿರಿ. ಸುಣ್ಣ ಬೇಕಾದರೆ ಹೊಂಡ ಒಣಗಿಸಿದಾಗ ತಳಕ್ಕೆ ಹಾಕಿ, ಯಾರು ಬೇಡವೆಂದರು?

ಮೇವಿನಲ್ಲಿ ಆಂಟಿಬಯೋಟಿಕ್ ಬೆರೆಸುವವರಿಗೂ ಒಂದು ಮಾತು: ಕಿವಿರು ಕೆಟ್ಟ ಮೀನು ಮೇವು ಮುಟ್ಟುವುದೇ ಅಪರೂಪ. ಆ ಮೇವು ತಳಕ್ಕಿಳಿದು ಮತ್ತೆ ಕೊಳೆಯುತ್ತದೆ.

ಆ ಹೊಂಡದಲ್ಲಿ ಮೇವು ನಿಲ್ಲಿಸಿ, ತಳದ ನೀರು ಒಂದಷ್ಟು ಹೊರಹಾಕಿ, ಬೋರ್‌ವೆಲ್ ನೀರನ್ನು ಎತ್ತರದಿಂದ ಚಿಮ್ಮಿಸಿ ಬಿಡಲು ಹೇಳಿದೆ. ಬೋರಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಗಾಳಿ ಸೋಕಲೇಬೇಕು. ಅಷ್ಟರಲ್ಲಿ ರೈತರ ತಾಯಿ ತೌಡಿನ ಬಕೆಟ್ ಹಿಡಿದು ಬಂದರು. "ಮೂರು ದಿನ ಉಪವಾಸವೇ? ಮೂಕ ಜೀವಗಳಪ್ಪ!" ಪಂಪ್ ಜೋಡಿಸುವುದಕ್ಕಿಂತ ಅಜ್ಜಿಯ ಕೈಯಿಂದ ಬಕೆಟ್ ಬಿಡಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.