ಹೊರಗೋಡೆಗೆ ಪುಟ್ಟಿ ಬಳಿಯುವ ಮುಂಚೆ

ಹಬ್ಬ ಹತ್ತಿರ ಬಂದರೆ ಕೋಲಾರದ ಮನೆಗಳಿಂದ ನನಗೆ ಬರುವ ಪ್ರಶ್ನೆ ಒಂದೇ. "ಸಾರ್, ಹೊರಗಡೆ ಪ್ಲಾಸ್ಟರ್ ಬಿರುಕು ಬಿಟ್ಟಿದೆ, ಪುಟ್ಟಿ ಹಾಕಿ ಪೇಂಟ್ ಹೊಡೆಸಿದರೆ ಸಾಕಲ್ವಾ?" ಸಾಲದು. ಗೋಡೆಗೆ ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಗೊತ್ತಾಗದೆ ಏನು ಬಳಿದರೂ ಮುಂದಿನ ಮಳೆಗೆ ಕಿತ್ತು ಬರುತ್ತದೆ.

ಬಿರುಕು ಕಂಡ ಜಾಗದಿಂದ ಮೇಲಕ್ಕೆ ನೋಡಿ. ತಾರಸಿ ಸುತ್ತಲಿನ ಗಿಡ್ಡ ಗೋಡೆ, ಅಂದರೆ ಪ್ಯಾರಾಪೆಟ್ ತಲೆಯ ಮೇಲೆ ನೀರು ನಿಲ್ಲುತ್ತಾ? ಅದರ ಇಳಿಜಾರು ತಾರಸಿ ಕಡೆಗಿರಬೇಕು. ತಾರಸಿ ನೀರಿನ ಪೈಪು ಗಿಡ್ಡವಾಗಿ ನೀರೆಲ್ಲ ಗೋಡೆ ಮೇಲೇ ಹರಿಯುತ್ತಾ? ಕಿಟಕಿ ಮೇಲಿನ ಸಜ್ಜಾದ ಕೆಳಗೆ, ಅಂಚಿನಲ್ಲಿ, ನೀರು ತೊಟ್ಟಿಕ್ಕಿ ಬೀಳಲು ಒಂದು ಗೀರು ಇರಬೇಕು. ಅದಿಲ್ಲದಿದ್ದರೆ ನೀರು ಸಜ್ಜಾದ ಅಡಿಯಲ್ಲೇ ತೆವಳಿ ಗೋಡೆ ಸೇರುತ್ತದೆ. ಬುಡದಲ್ಲಿ ಬಿಳಿ ಉಪ್ಪು ಪುಡಿ ಉದುರುತ್ತಿದ್ದರೆ, ಪಾಯಕ್ಕೆ ಒತ್ತಿ ಹಾಕಿದ ಕೈತೋಟದ ಮಣ್ಣನ್ನು ಮೊದಲು ತೆಗೆಸಿ.

ಆಮೇಲೆ ಸುತ್ತಿಗೆ ಹಿಡಿಯಿಂದ ಗೋಡೆ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಸದ್ದು ಬಂದರೆ ಪ್ಲಾಸ್ಟರ್ ಇಟ್ಟಿಗೆಯನ್ನು ಹಿಡಿದುಕೊಂಡಿದೆ. ಡಬಡಬ ಅಂದರೆ ಒಳಗೆ ಬಿಟ್ಟುಕೊಂಡಿದೆ. ಅಷ್ಟು ಜಾಗಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕಣ್ಣಿಗೆ ಕಂಡ ಬಿರುಕಿಗಿಂತ ಈ ಟೊಳ್ಳು ಸಾಮಾನ್ಯವಾಗಿ ದೊಡ್ಡದಿರುತ್ತದೆ.

ಜೇಡರ ಬಲೆಯ ಹಾಗೆ ಹರಡಿದ ಸಣ್ಣ ಗೀರುಗಳಿಗೆ ಹೆದರಬೇಡಿ. ಬಿಸಿಲಿಗೆ ಬೇಗ ಒಣಗಿದ್ದರಿಂದಲೋ, ಎಂ-ಸ್ಯಾಂಡ್‌ನಲ್ಲಿ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳಿನಲ್ಲಿ) ಧೂಳು ಜಾಸ್ತಿ ಇದ್ದದ್ದರಿಂದಲೋ ಬಂದಿರುತ್ತವೆ. ಪ್ಲಾಸ್ಟರ್ ಟೊಳ್ಳಾಗಿಲ್ಲದಿದ್ದರೆ ಹೊರಗೋಡೆಗೆಂದೇ ಸಿಗುವ ಕ್ರ್ಯಾಕ್ ಫಿಲ್ಲರ್ ಸಾಕು. ಬೀಮು, ಪಿಲ್ಲರ್ ಪಕ್ಕ ನೇರ ಗೆರೆ ಇದ್ದರೆ ಅಲ್ಲಿ ಪ್ಲಾಸ್ಟರಿನೊಳಗೆ ಮೆಶ್ (ಬಲೆ) ಹಾಕಿಲ್ಲ ಅಂತಲೇ ನನ್ನ ಮೊದಲ ಅನುಮಾನ. ಕಾಂಕ್ರೀಟು, ಇಟ್ಟಿಗೆ ಬಿಸಿಲಿಗೆ ಒಂದೇ ಸಮ ಹಿಗ್ಗುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಓರೆ ಹೋಗಿ ದಿನೇ ದಿನೇ ಅಗಲವಾಗುವ ಬಿರುಕು ಪಾಯದ್ದಿರಬಹುದು. ಅದನ್ನು ಎಂಜಿನಿಯರ್‌ಗೆ ತೋರಿಸಿ.

ಟೊಳ್ಳು ಭಾಗವನ್ನು ಗ್ರೈಂಡರ್‌ನಿಂದ ಚೌಕಾಕಾರಕ್ಕೆ ಕತ್ತರಿಸಿ, ಇಟ್ಟಿಗೆ ಕಾಣುವವರೆಗೆ ತೆಗೆಸಿ. ಇಟ್ಟಿಗೆ ಸಂದುಗಳನ್ನು ಕೆರೆದು, ಧೂಳು ತೊಳೆದು, ಹಿಂದಿನ ದಿನವೇ ಗೋಡೆ ನೆನೆಸಿ. ಬೀಮು, ಪಿಲ್ಲರ್ ಪಕ್ಕದಲ್ಲಾದರೆ ಮೆಶ್ ಅವು ಇಟ್ಟಿಗೆಗೆ ಸೇರುವ ಗೆರೆಯ ಎರಡೂ ಕಡೆ ಕನಿಷ್ಠ 10 ಸೆಂಟಿಮೀಟರ್ ಹೋಗಲಿ. ಮೊದಲು 12 ಮಿಲಿಮೀಟರ್ ಪದರ ಹಾಕಿ, ಅದರ ಮೇಲೆ ಗೀರು ಎಳೆದು, ಆಮೇಲೆ 8 ಮಿಲಿಮೀಟರ್‌ನ ಎರಡನೇ ಪದರ. ಕಲಸಿದ ಮಾಲು ಅರ್ಧ ಗಂಟೆಯೊಳಗೆ ಮುಗಿಯಬೇಕು.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಗಟ್ಟಿಯಾಗಲಿ ಅಂತ ಸಿಮೆಂಟ್ ಜಾಸ್ತಿ ಸುರಿಸಬೇಡಿ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಇಟ್ಟಿಗೆ ಗೋಡೆಗೆ ಸಾಕು. ಸಿಮೆಂಟ್ ಹೆಚ್ಚಾದಷ್ಟೂ ತೇಪೆ ಕುಗ್ಗಿ, ಅಂಚಿನಲ್ಲಿ ಮತ್ತೆ ಬಿಡುತ್ತದೆ. ನುಣುಪಿಗಾಗಿ ಒಣ ಸಿಮೆಂಟ್ ಉದುರಿಸಿ ಕರಣೆಯಲ್ಲಿ ತಿಕ್ಕುವುದೂ ಅಷ್ಟೇ, ಮೇಲ್ಪದರ ಸೀಳುತ್ತದೆ.

ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಹಳೇ ಮಣ್ಣಿನ ಗೋಡೆ ಇರುವವರು ಅದಕ್ಕೆ ಸಿಮೆಂಟ್ ಮೆತ್ತಿಸಲೇಬೇಡಿ. ಒಳಗಿನ ತೇವ ಹೊರಗೆ ಬರಲಾಗದೆ ಪ್ಲಾಸ್ಟರ್ ಹಲಗೆ ಹಲಗೆಯಾಗಿ ಬೀಳುತ್ತದೆ, ಜೊತೆಗೆ ಮಣ್ಣನ್ನೂ ಎಳೆದುಕೊಂಡು. ಸುಣ್ಣದ ಗಾರೆಯೇ ಅದಕ್ಕೆ ಸರಿ.

ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದು ಮುಗಿದು ಗೋಡೆ ಆರಿದ ಮೇಲೆ, ಡಿಸೆಂಬರ್, ಜನವರಿಯಲ್ಲಿ ಕೆಲಸ ಇಟ್ಟುಕೊಳ್ಳಿ. ಏಪ್ರಿಲ್ ಬಿಸಿಲಿನಲ್ಲಿ ಪ್ಲಾಸ್ಟರಿನ ತೇವ ಉಳಿಸುವುದು ಕಷ್ಟ. ಕ್ಯೂರಿಂಗ್, ಅಂದರೆ ಹೊಸ ಪ್ಲಾಸ್ಟರಿಗೆ ನೀರು ಹಾಕಿ ತೇವವಾಗಿಡುವುದು, ಕನಿಷ್ಠ 7 ದಿನ ಬೇಕು. ಟ್ಯಾಂಕರ್ ನೀರು ದುಬಾರಿ ಅಂತ ಎರಡೇ ದಿನಕ್ಕೆ ಬಿಡುವವರನ್ನು ನೋಡಿದರೆ ಬೇಜಾರಾಗುತ್ತದೆ. ಒದ್ದೆ ಗೋಣಿಚೀಲ ಇಳಿಬಿಟ್ಟರೆ ಕಡಿಮೆ ನೀರಿನಲ್ಲೇ ತೇವ ಉಳಿಯುತ್ತದೆ. ಪೇಂಟಿಗೆ 28 ದಿನ ಕಾಯಿರಿ. ಹಸಿ ಪ್ಲಾಸ್ಟರಿನ ಕ್ಷಾರ ಬಣ್ಣವನ್ನು ತಿಂದುಹಾಕುತ್ತದೆ. ಮತ್ತೆ, ಮೇಸ್ತ್ರಿಗೆ ಅಡ್ವಾನ್ಸ್ ಕೊಡುವಾಗಲೇ ನೀರು ಹಾಕುವುದು ಯಾರ ಕೆಲಸ ಅಂತ ಮಾತಾಡಿಕೊಳ್ಳಿ.