ರೋಬೋ ಕ್ಯಾಮೆರಾದಿಂದ ಕೋಣೆಯ ಬೆಳಕು ಅಳೆಯುವುದು: ಆಟೋ ಎಕ್ಸ್‌ಪೋಶರ್‌ನ ಲೆಕ್ಕ

ರಾಸ್ಪ್‌ಬೆರಿ ಪೈ 4 (ಪುಟ್ಟ ಕಂಪ್ಯೂಟರ್), ಕ್ಯಾಮೆರಾ ಮಾಡ್ಯೂಲ್ 2 (ಒಳಗಿರುವುದು ಐಎಂಎಕ್ಸ್219 ಸೆನ್ಸರ್), ಕ್ಯಾಮೆರಾವನ್ನು ಪೈಥಾನ್‌ನಿಂದ ನಡೆಸುವ ಪೈಕ್ಯಾಮೆರಾ2 ಲೈಬ್ರರಿ: ಇಷ್ಟನ್ನು ಇಟ್ಟುಕೊಂಡು ಬರೆದ ಟಿಪ್ಪಣಿ ಇದು. ಚಿತ್ರ ತೆಗೆದು ನಂಪೈ ಅರೇ (ಸಂಖ್ಯೆಗಳ ಕೋಷ್ಟಕ) ಆಗಿ ಓದುವುದು ಎಲ್ಲರಿಗೂ ಬರುತ್ತದೆ, ಅದನ್ನು ಬಿಟ್ಟಿದ್ದೇನೆ.

ಚಿತ್ರದ ಸರಾಸರಿ ಪಿಕ್ಸೆಲ್ ಬೆಲೆಯೇ (0ಯಿಂದ 255ರವರೆಗಿನ ಸಂಖ್ಯೆ) ಬೆಳಕು ಎಂದುಕೊಳ್ಳುವಲ್ಲೇ ಹೆಚ್ಚಿನವರು ಎಡವುತ್ತಾರೆ. ಶಿರಸಿ ಕಡೆಯ ತೋಟದ ಮನೆಯ ಜಗಲಿಯಲ್ಲಿ ಮಧ್ಯಾಹ್ನ ತೆಗೆದ ಚಿತ್ರದ ಸರಾಸರಿ 120 ಬಂತು, ರಾತ್ರಿ ಒಂದೇ ಬಲ್ಬಿನಲ್ಲಿ ತೆಗೆದದ್ದರದು 118 ಬಂತು ಅನ್ನಿ. ಬೆಳಕು ಅಷ್ಟೇ ಇದೆ ಎಂದಲ್ಲ. ಸರಾಸರಿಯನ್ನು ಒಂದು ಮಟ್ಟದಲ್ಲಿ ನಿಲ್ಲಿಸುವುದೇ ಆಟೋ ಎಕ್ಸ್‌ಪೋಶರ್‌ನ ಕೆಲಸ. ಕತ್ತಲಾದಂತೆ ಅದು ಎಕ್ಸ್‌ಪೋಶರ್ ಹೊತ್ತು (ಸೆನ್ಸರ್ ಬೆಳಕು ಹಿಡಿಯುವ ಸಮಯ) ಹೆಚ್ಚಿಸುತ್ತದೆ, ಸಾಲದಿದ್ದರೆ ಗೇನ್ (ಸಿಕ್ಕ ಸಂಕೇತವನ್ನು ಹಿಗ್ಗಿಸುವ ಪಟ್ಟು) ಏರಿಸುತ್ತದೆ. ಹಾಗಾಗಿ ಬೆಳಕಿನ ಗುರುತು ಚಿತ್ರಕ್ಕಿಂತ ಹೆಚ್ಚಾಗಿ ಆ ಎರಡು ಸಂಖ್ಯೆಗಳಲ್ಲಿ ಇರುತ್ತದೆ:

ಬೆಳಕು = ರೇಖೀಯ ಸರಾಸರಿ ÷ (ಎಕ್ಸ್‌ಪೋಶರ್ × ಗೇನ್)

ಮಧ್ಯಾಹ್ನ 10 ಮಿಲಿಸೆಕೆಂಡ್, ಗೇನ್ 1, ಗುಣಿಸಿದರೆ 10. ರಾತ್ರಿ 30 ಮಿಲಿಸೆಕೆಂಡ್, ಗೇನ್ 4, ಗುಣಿಸಿದರೆ 120. ಸರಾಸರಿ ಹೆಚ್ಚುಕಡಿಮೆ ಒಂದೇ ಆದ್ದರಿಂದ ರಾತ್ರಿಯ ಬೆಳಕು ಸುಮಾರು 12 ಪಟ್ಟು ಕಡಿಮೆ. ಎರಡೂ ಸಂಖ್ಯೆ ಮೆಟಾಡೇಟಾದಲ್ಲಿ (ಚಿತ್ರದ ಜೊತೆ ಬರುವ ವಿವರಗಳಲ್ಲಿ) ಸಿಗುತ್ತವೆ, ಎಕ್ಸ್‌ಪೋಶರ್ ಮೈಕ್ರೋಸೆಕೆಂಡ್‌ನಲ್ಲಿರುತ್ತದೆ. ಚಿತ್ರ ಮತ್ತು ಮೆಟಾಡೇಟಾ ಒಂದೇ ಫ್ರೇಮಿನದಾಗಿರಬೇಕು. ಬೇರೆ ಬೇರೆ ಕರೆಯಲ್ಲಿ ತೆಗೆದರೆ, ದೀಪ ಹಾಕಿದ ಕ್ಷಣದಲ್ಲಿ ಹಳೆಯ ಎಕ್ಸ್‌ಪೋಶರ್ ಹೊಸ ಚಿತ್ರಕ್ಕೆ ಸೇರಿ ಲೆಕ್ಕ ಹಾರುತ್ತದೆ. ಒಂದೇ ರಿಕ್ವೆಸ್ಟ್ (ಒಂದು ಫ್ರೇಮಿನ ಚಿತ್ರವೂ ಮೆಟಾಡೇಟಾವೂ ಸೇರಿದ ಕಟ್ಟು) ಹಿಡಿದು ಅದರಿಂದಲೇ ಎರಡನ್ನೂ ತೆಗೆಯಿರಿ.

ಈಗ ಆ "ರೇಖೀಯ" ಎಂಬುದು. ನಿಧಾನವಾಗಿ ಓದಬೇಕಾದ ಭಾಗ ಇದು.

ಸಾಮಾನ್ಯ ಚಿತ್ರದ ಬೆಲೆಗಳಿಗೆ ಗಾಮಾ ಹಾಕಿರುತ್ತದೆ, ಅಂದರೆ ಬೆಲೆ ಬೆಳಕಿನ ನೇರ ಅನುಪಾತದಲ್ಲಿ ಇರುವುದಿಲ್ಲ. 94 ಎಂಬುದು 188ರ ಅರ್ಧ, ಆದರೆ ಬೆಳಕು ಅರ್ಧವಲ್ಲ. ಎಸ್‌ಆರ್‌ಜಿಬಿ (ಚಿತ್ರಗಳ ಸಾಮಾನ್ಯ ಬಣ್ಣ ಮಾನಕ) ಸೂತ್ರದಂತೆ ಬಿಡಿಸಿದರೆ, ಪೂರ್ಣ ಬೆಳಕು 1 ಎಂದಿಟ್ಟುಕೊಂಡು, 188 ಎಂದರೆ 0.50, 94 ಎಂದರೆ 0.11, ನಾಲ್ಕೂವರೆ ಪಟ್ಟು ವ್ಯತ್ಯಾಸ. ಗಾಮಾ ಬಿಡಿಸುವುದು ಸರಾಸರಿ ತೆಗೆಯುವ ಮೊದಲು ಆಗಬೇಕು. ಮಾಡಿನ ಗಾಜಿನ ಹಂಚಿನಿಂದ ನೆಲಕ್ಕೆ ಬಿಸಿಲಿನ ಚೌಕ ಬಿದ್ದಿದೆ, ಹತ್ತರಲ್ಲಿ ಒಂಬತ್ತು ಪಿಕ್ಸೆಲ್ 40, ಒಂದು 250 ಎಂದುಕೊಳ್ಳಿ. ಮೊದಲು ಸರಾಸರಿ ತೆಗೆದು (61) ಆಮೇಲೆ ಬಿಡಿಸಿದರೆ 0.047. ಒಂದೊಂದನ್ನೂ ಬಿಡಿಸಿ ಸರಾಸರಿ ತೆಗೆದರೆ 0.115. ಎರಡೂವರೆ ಪಟ್ಟಿನ ತಪ್ಪು ಕೇವಲ ಕ್ರಮ ಬದಲಾದದ್ದರಿಂದ. ಅಷ್ಟಾಗಿಯೂ ಪೈ ಚಿತ್ರದ ಮೇಲೆ ಬಳಸುವ ಗಾಮಾ ರೇಖೆ ಎಸ್‌ಆರ್‌ಜಿಬಿಗೆ ತದ್ವತ್ ಹೊಂದುವುದಿಲ್ಲ. ವೈಟ್ ಬ್ಯಾಲೆನ್ಸ್ ಕೂಡ ಬಣ್ಣಗಳನ್ನು ಆಚೀಚೆ ಮಾಡಿರುತ್ತದೆ.

ಇದಕ್ಕೆಲ್ಲ ನನಗೆ ಅತ್ಯಂತ ಇಷ್ಟವಾದ ಅಡ್ಡದಾರಿ: ರಾ ಫ್ರೇಮ್ (ಸೆನ್ಸರ್ ಕೊಟ್ಟಂತೆಯೇ ಇರುವ, ಸಂಸ್ಕರಿಸದ ಚಿತ್ರ) ತೆಗೆದುಕೊಂಡು ಅದರ ಹಸಿರು ಪಿಕ್ಸೆಲ್‌ಗಳನ್ನಷ್ಟೇ ಓದುವುದು. ರಾ ಬೆಲೆಗೆ ಗಾಮಾ ಇಲ್ಲ, ವೈಟ್ ಬ್ಯಾಲೆನ್ಸ್ ಮುಟ್ಟಿಲ್ಲ, ಡಿಜಿಟಲ್ ಗೇನ್ (ಆಮೇಲೆ ಲೆಕ್ಕದಲ್ಲಿ ಗುಣಿಸುವುದು) ಸೇರಿಲ್ಲ. ಹಾಗಾಗಿ ಮೇಲಿನ ಸೂತ್ರದಲ್ಲಿ ಗೇನ್ ಜಾಗಕ್ಕೆ ಅನಲಾಗ್ ಗೇನ್ (ಸೆನ್ಸರ್ ಒಳಗಿನದು) ಮಾತ್ರ ಹಾಕಿದರೆ ಸಾಕು. ರಾ ಫಾರ್ಮ್ಯಾಟ್ 10 ಬಿಟ್, ಅನ್‌ಪ್ಯಾಕ್ಡ್ (ಪ್ರತಿ ಬೆಲೆಗೂ ತನ್ನದೇ ಎರಡು ಬೈಟ್) ಎಂದು ಕೇಳಿ. ಅರೇ 8 ಬಿಟ್ ಆಗಿ ಬರುತ್ತದೆ, ಅದನ್ನು 16 ಬಿಟ್ ಆಗಿ ನೋಡಬೇಕು. ಬಲ ಅಂಚಿನಲ್ಲಿ ತುಂಬಿದ ಖಾಲಿ ಕಾಲಂಗಳಿದ್ದರೆ ಕತ್ತರಿಸಬೇಕು. ಬಿಜಿಜಿಆರ್ ಜೋಡಣೆಯಲ್ಲಿ (ಮೊದಲ ಸಾಲು ನೀಲಿ–ಹಸಿರು, ಮುಂದಿನದು ಹಸಿರು–ಕೆಂಪು) ಸಮ ಸಾಲು–ಬೆಸ ಕಾಲಂ ಮತ್ತು ಬೆಸ ಸಾಲು–ಸಮ ಕಾಲಂ ಹಸಿರು (ಎಣಿಕೆ 0ಯಿಂದ). ಚಿತ್ರವನ್ನು ಅಡ್ಡಕ್ಕೆ ಮಾತ್ರ ಮಗುಚಿದರೆ ಈ ಜಾಗ ಬದಲಾಗುತ್ತದೆ. ಕೊನೆಗೆ ಪ್ರತಿ ಬೆಲೆಯಿಂದ 64 ಕಳೆಯಿರಿ. ಪೂರ್ಣ ಕತ್ತಲಲ್ಲೂ ಈ ಸೆನ್ಸರ್ ಕೊಡುವುದು ಸೊನ್ನೆಯಲ್ಲ, ಸುಮಾರು 64. ಕಳೆಯದಿದ್ದರೆ ಮಂದ ಬೆಳಕಿನ ಓದುಗಳೆಲ್ಲ ಹೆಚ್ಚಾಗಿ ಬರುತ್ತವೆ. ಕಳೆಯುವ ಮೊದಲೇ 1023ರ (10 ಬಿಟ್‌ನ ಗರಿಷ್ಠ ಬೆಲೆ) ಹತ್ತಿರ ಮುಟ್ಟಿದ ಪಿಕ್ಸೆಲ್ ನೂರಕ್ಕೆ 5ಕ್ಕಿಂತ ಹೆಚ್ಚಿದ್ದರೆ ಆ ಫ್ರೇಮ್ ಬಿಟ್ಟು ಎಕ್ಸ್‌ಪೋಶರ್ ಇಳಿಸಿ ಇನ್ನೊಂದು ತೆಗೆಯಿರಿ.

ಮಿನುಗು: ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಎಕ್ಸ್‌ಪೋಶರ್ 10, 20, 30 ಮಿಲಿಸೆಕೆಂಡ್ ಆಗಿದ್ದರೆ ಮಿನುಗಿನಿಂದ ಚಿತ್ರದ ಮೇಲೆ ಅಡ್ಡ ಪಟ್ಟಿ ಬೀಳುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಇನ್ವರ್ಟರ್ ಹಿಡಿದಾಗ ಫ್ರೀಕ್ವೆನ್ಸಿ ಸ್ವಲ್ಪ ಸರಿದಿದ್ದರೆ ಪಟ್ಟಿ ಮತ್ತೆ ಕಾಣಬಹುದು. ಕೆಲವು ಫ್ರೇಮುಗಳ ಸರಾಸರಿ ತೆಗೆಯಿರಿ.

ಇನ್ನು ಲಕ್ಸ್. ಲಕ್ಸ್ ಎಂದರೆ ಒಂದು ಮೇಲ್ಮೈಗೆ ಬೀಳುವ ಬೆಳಕು, ಕ್ಯಾಮೆರಾ ನೋಡುವುದು ಅಲ್ಲಿಂದ ಪ್ರತಿಫಲಿಸಿ ಬಂದದ್ದನ್ನು. ಸುಣ್ಣ ಬಳಿದ ಗೋಡೆಯಿಂದ ಬರಿಯ ಚಿರೇಕಲ್ಲಿನ ಗೋಡೆಯ ಕಡೆ ರೋಬೋ ತಿರುಗಿದರೆ, ದೀಪ ಬದಲಾಗದೆ ಓದು ಇಳಿಯುತ್ತದೆ. ಕ್ಯಾಮೆರಾದ ನೋಟದ ಮೂಲೆಯಲ್ಲಿ ಸದಾ ಕಾಣುವಂತೆ ಹೊಳಪಿಲ್ಲದ ಬಿಳಿ ರಟ್ಟಿನ ತುಂಡು ಅಂಟಿಸಿ ಅದರ ಪಿಕ್ಸೆಲ್ ಮಾತ್ರ ಓದಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಲಕ್ಸ್ ಮೀಟರನ್ನು ರಟ್ಟಿನ ಪಕ್ಕ, ಅದೇ ಓರೆಯಲ್ಲಿ ಹಿಡಿದು, ಕಿಟಕಿ ಬಾಗಿಲು ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಐದಾರು ಮಟ್ಟದಲ್ಲಿ ಜೋಡಿ ಓದು ಬರೆದುಕೊಳ್ಳಿ. ಗ್ರಾಫಿನಲ್ಲಿ ಅವು ಸೊನ್ನೆಯ ಮೂಲಕ ಹಾಯುವ ನೇರ ಗೆರೆಯಾಗಬೇಕು. ಸೊನ್ನೆ ತಪ್ಪಿದರೆ ಮೊದಲು ಆ 64ರ ಕಳೆಯುವಿಕೆಯನ್ನೇ ನೋಡಿ.

ಕಾರವಾರದ ಕಡೆ ಕಿಟಕಿ ತೆರೆದ ಮನೆಗಳಲ್ಲಿ ಲೆನ್ಸ್ ಮೇಲೆ ಉಪ್ಪುಗಾಳಿಯ ಪೊರೆ ಕೂರುತ್ತದೆ, ಮಳೆಗಾಲದಲ್ಲಿ ಹಬೆಯೂ ಹಿಡಿಯುತ್ತದೆ. ಆಗ ಕಿಟಕಿಯ ಬೆಳಕು ಇಡೀ ಚಿತ್ರಕ್ಕೆ ಚದುರಿ ಕಪ್ಪು ಭಾಗಗಳೂ ಬೆಳ್ಳಗಾಗುತ್ತವೆ, ಕತ್ತಲ ಕೋಣೆಯ ಓದು ಮೇಲೇರುತ್ತದೆ. ರಟ್ಟಿನ ಪಕ್ಕ ಒಂದು ಕಪ್ಪು ಪಟ್ಟಿಯೂ ಇದ್ದರೆ ಎರಡರ ಅನುಪಾತ ಕುಗ್ಗಿದ್ದು ಗೊತ್ತಾಗುತ್ತದೆ. ಆಗ ಲೆನ್ಸ್ ಒರೆಸಬೇಕು.

ದೀಪ ಹಾಕಿಸುವ ಕೆಲಸಕ್ಕೆ ಒಂದೇ ಮಿತಿ ಇಟ್ಟರೆ ಮೋಡ ಸರಿದಾಗಲೆಲ್ಲ ದೀಪ ಹೊತ್ತಿ ಆರುತ್ತದೆ. 40 ಲಕ್ಸ್‌ಗಿಂತ ಕೆಳಗೆ ಹೋಗಿ 20 ಸೆಕೆಂಡ್ ನಿಂತರೆ ಹಾಕು, 80 ದಾಟಿ ಅಷ್ಟೇ ಹೊತ್ತು ನಿಂತರೆ ಆರಿಸು ಎಂದಿಡಿ. ದೀಪ ರೋಬೋದ್ದೇ ಆಗಿದ್ದರೆ ಅದರ ಬೆಳಕೂ ರಟ್ಟಿನ ಮೇಲೆ ಬೀಳುತ್ತದೆ; ಪೂರ್ಣ ಕತ್ತಲಲ್ಲಿ ಅದೊಂದನ್ನೇ ಹೊತ್ತಿಸಿ ಬಂದ ಓದನ್ನು ಬರೆದಿಟ್ಟುಕೊಂಡು, ದೀಪ ಉರಿಯುವಾಗಲೆಲ್ಲ ಅಷ್ಟನ್ನು ಕಳೆದೇ ಮಿತಿಗೆ ಹೋಲಿಸಬೇಕು.