ಕಟ್ಟಿಗೆ ಉರಿಯುವುದಿಲ್ಲ

ಬಿದಿರಿಗೆ ಬಿದಿರು ತಿಕ್ಕಿ ಕಾಡಿಗೆ ಬೆಂಕಿ ಬೀಳುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಮೊದಲೆಲ್ಲ ನಗು ಬರುತ್ತಿತ್ತು. ಈಗ ಸಿಟ್ಟು ಬರುತ್ತದೆ. ಒಂದು ಮಾರ್ಚ್ ತಿಂಗಳಲ್ಲಿ ಕೊಡಗಿನ ನಮ್ಮ ಮನೆಯ ಕೆಳಗಿನ ಬಾಣೆಗೆ, ಅಂದರೆ ಹುಲ್ಲು ಮರ ಬೆಳೆದ ಗುಡ್ಡಕ್ಕೆ, ಬೆಂಕಿ ಬಿತ್ತು. ರಾತ್ರಿ ಹನ್ನೊಂದಕ್ಕೆ ಮನೆ ಬಿಟ್ಟೆವು. ಊರಿನ ಶಾಲೆಯ ಜಗಲಿಯಲ್ಲಿ ಬೆಳಗಾಯಿತು. ಅಲ್ಲೇ ಟೀ ಕುಡಿಯುತ್ತಾ ನಾಲ್ಕು ಜನ ಹಿರಿಯರು ತೀರ್ಪು ಕೊಟ್ಟರು: "ಬಿದಿರು ತಿಕ್ಕಿರಬೇಕು."

ನಮ್ಮ ಬಾಣೆಯಲ್ಲಿ ಒಂದೇ ಒಂದು ಬಿದಿರ ಮೆಳೆ ಇಲ್ಲ.

ಕೊಡಗು ಎಂದರೆ ಮಳೆ ಅಂದುಕೊಂಡವರಿಗೆ ಇಲ್ಲಿಯ ಫೆಬ್ರವರಿ, ಮಾರ್ಚ್ ಗೊತ್ತಿರುವುದಿಲ್ಲ. ಜೂನ್‌ನಿಂದ ಸುರಿದ ಮಳೆಗೆ ಆಳೆತ್ತರ ಬೆಳೆದ ಹುಲ್ಲು ಆ ಹೊತ್ತಿಗೆ ಒಣಗಿ ಹಪ್ಪಳವಾಗಿರುತ್ತದೆ. ಮಳೆ ಜಾಸ್ತಿಯಾದ ವರ್ಷ ಹುಲ್ಲೂ ಜಾಸ್ತಿ. ಆಗಸ್ಟ್‌ನ ಮಳೆಯೇ ಮಾರ್ಚ್‌ನ ಬೆಂಕಿಗೆ ಸೌದೆ ಕೂಡಿಡುತ್ತದೆ. ಬೆಳೆಗಾರರೆಲ್ಲ ಹೂಮಳೆಗಾಗಿ, ಕಾಫಿ ಹೂ ಬಿಡಿಸುವ ಮಳೆಗಾಗಿ, ಆಕಾಶ ನೋಡುತ್ತಿರುತ್ತಾರೆ. ಅರಣ್ಯ ಇಲಾಖೆಯ ವಾಚರ್‌ಗಳೂ ಅದೇ ಆಕಾಶ ನೋಡುತ್ತಿರುತ್ತಾರೆ.

ಆ ರಾತ್ರಿ ಮೊದಲು ಬಂದದ್ದು ವಾಸನೆ. ಆಮೇಲೆ ಸದ್ದು. ತಗಡಿನ ಮಾಡಿನ ಮೇಲೆ ದೂರದಲ್ಲೆಲ್ಲೋ ಮಳೆ ಶುರುವಾದ ಹಾಗೆ. ಕಿಟಕಿ ತೆಗೆದರೆ ಕೊಲ್ಲಿಯ, ಅಂದರೆ ದಿಣ್ಣೆಗಳ ನಡುವಿನ ಕಿರು ಕಣಿವೆಯ, ಕೆಳಗೆ ಕಿತ್ತಳೆ ಬಣ್ಣದ ಒಂದು ಗೆರೆ. ತೆಳ್ಳಗಿತ್ತು. ಸುಮ್ನೆ ನೋಡಿದರೆ ಚೆಂದವೇ. ಬೆಂಕಿ ನಂದಿಸಲು ಬಂದಿದ್ದ ವಾಚರ್ ಒಬ್ಬರು ಓಡಿ ಬಂದು ಬಾಗಿಲು ಬಡಿದರು. ಅಮ್ಮ ಆಗಲೇ ಚೀಲ ಹಿಡಿದು ನಿಂತಿದ್ದರು. ಆರ್‌ಟಿಸಿ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಬಿಪಿ ಮಾತ್ರೆ, ಟಾರ್ಚ್. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳು ಜಾರಿದಾಗ ನಾವೂ ಹನ್ನೆರಡು ದಿನ ನೆಂಟರ ಮನೆಯಲ್ಲಿದ್ದೆವು. ಆವತ್ತಿನಿಂದ ಆ ಚೀಲ ಕಪಾಟಿನಲ್ಲಿ ಸಿದ್ಧವಾಗಿಯೇ ಇರುತ್ತದೆ. "ಮಳೆಗೆ ಕಟ್ಟಿದ ಚೀಲ ಬೆಂಕಿಗೂ ಆಯ್ತು ನೋಡು," ಎಂದರು. ಹೇಳಿದವರೇ ಸೀದಾ ಮೇಲಿನ ದಾರಿ ಹಿಡಿದರು. ದಿಣ್ಣೆಯ ಮೇಲಿನ ಮಾವನ ಮನೆಗೆ.

"ಅಮ್ಮಾ, ಮೇಲೆ ಹೋಗಬೇಡಿ!" ವಾಚರ್ ಕೂಗಿದರು. "ಬೆಂಕಿನೂ ಮೇಲೇ ಬರೋದು. ಅಡ್ಡಕ್ಕೆ ಹೋಗಿ, ಗದ್ದೆ ಕಡೆ."

ಈ ಲೇಖನ ಬರೆಯಲು ಕಾರಣ ಆ ಒಂದು ಮಾತು. ಬೆಂಕಿ ಯಾಕೆ ಮೇಲೇ ಬರುತ್ತದೆ? ಬಿಸಿ ಗಾಳಿ ಮೇಲೇರುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಉರಿಯುವುದು ಗಾಳಿಯಲ್ಲ, ಹುಲ್ಲು. ಅದು ನೆಲಕ್ಕೆ ಅಂಟಿಕೊಂಡೇ ಇರುತ್ತದಲ್ಲ?

ಇಲ್ಲಿ ನನಗೆ ತುಂಬಾ ಪ್ರಿಯವಾದ ಒಂದು ಸಂಗತಿ ಹೇಳಲೇಬೇಕು. ಕಟ್ಟಿಗೆ ಉರಿಯುವುದಿಲ್ಲ. ಹುಲ್ಲೂ ಉರಿಯುವುದಿಲ್ಲ. ಉರಿಯುವುದು ಅದರಿಂದ ಹೊರಡುವ ಹೊಗೆ.

ಕಾಫಿ ಬೀಜ ಮನೆಯಲ್ಲೇ ಹುರಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬಾಣಲೆಗೆ ಬೀಜ ಹಾಕುತ್ತೀರಿ. ಮೊದಲ ಐದಾರು ನಿಮಿಷ ಏನೂ ಆಗುವುದಿಲ್ಲ. ಹಸಿ ಹುಲ್ಲಿನ ವಾಸನೆ, ಸ್ವಲ್ಪ ಆವಿ, ಅಷ್ಟೆ. ಒಳಗಿನ ನೀರು ಹೋಗುತ್ತಿರುತ್ತದೆ. ನೀರು ಇರುವ ತನಕ ಬೀಜದ ಬಿಸಿ 100 ಡಿಗ್ರಿ ದಾಟಲು ಒದ್ದಾಡುತ್ತದೆ. ಆಮೇಲೆ ಹಳದಿ, ಕಂದು. 200 ಡಿಗ್ರಿಯ ಹತ್ತಿರ ಬೀಜ ಪಟಪಟ ಸಿಡಿಯುತ್ತದೆ. ಇನ್ನೂ ಬಿಟ್ಟರೆ ಎಣ್ಣೆ ಮೇಲೆ ಬಂದು ದಟ್ಟ ಹೊಗೆ ಏಳುತ್ತದೆ. ಆ ಹೊಗೆಗೆ ಒಲೆಯ ಜ್ವಾಲೆ ತಾಗಿತೋ, ಬಾಣಲೆಯೇ ಭಗ್ ಎನ್ನುತ್ತದೆ. ಒಂದು ಕೆಜಿ ಹುರಿದರೆ ಸಿಗುವುದು 800ರಿಂದ 850 ಗ್ರಾಂ. ಉಳಿದದ್ದನ್ನು ಯಾರೂ ಕದ್ದಿಲ್ಲ. ನೀರೂ ಹೊಗೆಯೂ ಆಗಿ ಹೋಗಿದೆ.

ಕಾಡಿನ ಕಟ್ಟಿಗೆಯ ಕಥೆಯೂ ಇಷ್ಟೇ. ಮೊದಲು ನೀರು ಹೋಗಬೇಕು. 200 ಡಿಗ್ರಿ ದಾಟಿದ ಮೇಲೆ ಕಟ್ಟಿಗೆಯ ಒಳಗಿನ ದೊಡ್ಡ ದೊಡ್ಡ ಅಣುಗಳು ಮುರಿಯತೊಡಗುತ್ತವೆ. ಸುಮಾರು 300 ಡಿಗ್ರಿಗೆ ಹೊತ್ತಿಕೊಳ್ಳುವಷ್ಟು ಅನಿಲ ಹೊರಡುತ್ತದೆ. ಅದು ಗಾಳಿಯ ಜೊತೆ ಬೆರೆತು, ಪಕ್ಕದ ಜ್ವಾಲೆ ತಾಗಿದಾಗ ಉರಿಯುತ್ತದೆ. ಸರಿಯಾಗಿ ನೋಡಿದರೆ ಜ್ವಾಲೆ ಕೊರಡಿಗೆ ಅಂಟಿರುವುದಿಲ್ಲ. ಕೂದಲೆಳೆಯಷ್ಟು ಬಿಟ್ಟು ನಿಂತಿರುತ್ತದೆ. ಅನಿಲವೆಲ್ಲ ಹೋದ ಮೇಲೆ ಉಳಿಯುವ ಇದ್ದಿಲು ಮಾತ್ರ ಗಟ್ಟಿಯಾಗಿದ್ದುಕೊಂಡೇ ಉರಿಯುತ್ತದೆ. ಅದೇ ಕೆಂಡ. ಅದಕ್ಕೇ ಕೆಂಡಕ್ಕೆ ಜ್ವಾಲೆ ಇರುವುದಿಲ್ಲ.

ನಂಬಿಕೆ ಬರದಿದ್ದರೆ ಮೇಣದಬತ್ತಿ ಹಚ್ಚಿ, ಒಂದೆರಡು ನಿಮಿಷ ಬಿಟ್ಟು ಆರಿಸಿ. ಬತ್ತಿಯಿಂದ ಬಿಳಿ ಎಳೆಯೊಂದು ಮೇಲೇಳುತ್ತದೆ. ಬೆಂಕಿಕಡ್ಡಿ ಗೀರಿ ಆ ಎಳೆಗೆ ಹಿಡಿಯಿರಿ, ಬತ್ತಿಗೆ ತಾಗಿಸಬೇಡಿ. ಜ್ವಾಲೆ ಎಳೆ ಹಿಡಿದು ಇಳಿದು ಬತ್ತಿಗೆ ಹತ್ತಿಕೊಳ್ಳುತ್ತದೆ! ಮೈಕೇಲ್ ಫ್ಯಾರಡೆ 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹುಡುಗರನ್ನು ಕೂರಿಸಿಕೊಂಡು, ಬರೀ ಮೇಣದಬತ್ತಿಯ ಬಗ್ಗೆ ಆರು ಉಪನ್ಯಾಸ ಕೊಟ್ಟ. ಕಮ್ಮಾರನ ಮಗ, ಚಿಕ್ಕಂದಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದವ. ವಿದ್ಯುತ್ ಬಗ್ಗೆ ಅಷ್ಟೆಲ್ಲ ಕಂಡುಹಿಡಿದ ಮನುಷ್ಯ ಮೇಣದಬತ್ತಿಯ ಮುಂದೆ ಆರು ದಿನ ನಿಂತ ಎನ್ನುವುದೇ ನನಗೆ ದೊಡ್ಡ ಸಂಗತಿ.

ಇನ್ನೊಂದು ಹೋಲಿಕೆ. ಬೆಂಕಿ ಎಂದರೆ ಸಾಲದ ವ್ಯವಹಾರ, ನಮ್ಮ ಸಹಕಾರ ಸಂಘದ ಹಾಗೆ. ಪ್ರತಿ ಕಡ್ಡಿಗೂ ಮೊದಲು ಬಿಸಿಯನ್ನು ಸಾಲ ಕೊಡಬೇಕು. ಒಣ ಕಡ್ಡಿ ತಕ್ಷಣ ಬಡ್ಡಿ ಸಮೇತ ತೀರಿಸುತ್ತದೆ. ಆ ಬಡ್ಡಿಯಲ್ಲಿ ಬೆಂಕಿ ಮುಂದಿನ ಕಡ್ಡಿಗೆ ಸಾಲ ಕೊಡುತ್ತದೆ. ಹಸಿ ಕಡ್ಡಿ ಸಾಲ ನುಂಗಿ ಕೂರುತ್ತದೆ. ನೀರನ್ನು ಮನೆಯ ಬಿಸಿಯಿಂದ ಕುದಿಯುವ ತನಕ ತರಲು ಎಷ್ಟು ಶಾಖ ಬೇಕೋ, ಕುದಿಯುವ ನೀರನ್ನು ಪೂರ್ತಿ ಆವಿ ಮಾಡಲು ಅದರ ಏಳು ಪಟ್ಟು ಬೇಕು. ಸಾಲಗಾರರಲ್ಲಿ ಅರ್ಧ ಜನ ಹಸಿ ಕಡ್ಡಿಗಳಾದರೆ ಸಂಘ ಮುಳುಗುತ್ತದೆ, ಬೆಂಕಿ ಆರುತ್ತದೆ.

ಈಗ ವಾಚರ್ ಹೇಳಿದ ಮಾತಿಗೆ ಬರೋಣ. ಬೆಂಕಿಕಡ್ಡಿ ಗೀರಿ ತಲೆ ಮೇಲೆ ಮಾಡಿ ಹಿಡಿದರೆ ನಿಧಾನ ಉರಿಯುತ್ತದೆ. ತಲೆ ಕೆಳಗೆ ಮಾಡಿ ಹಿಡಿದರೆ ಕ್ಷಣದಲ್ಲಿ ಬೆರಳು ಸುಡುತ್ತದೆ, ಅಲ್ವಾ? ಕಡ್ಡಿ ಅದೇ. ಬದಲಾದದ್ದು ಒಂದೇ: ಇನ್ನೂ ಉರಿಯದ ಭಾಗ ಜ್ವಾಲೆಯ ಮಡಿಲಲ್ಲಿದೆ. ಸಮತಟ್ಟು ನೆಲದಲ್ಲಿ ಜ್ವಾಲೆ ನೆಟ್ಟಗೆ ನಿಂತು ತನ್ನ ಶಾಖವನ್ನು ಆಕಾಶಕ್ಕೆ ಚೆಲ್ಲುತ್ತದೆ. ಇಳಿಜಾರಿನಲ್ಲಿ ಅದೇ ಜ್ವಾಲೆಯ ಮುಖದ ಎದುರಿಗೇ ಮೇಲಿನ ಹುಲ್ಲು ಇರುತ್ತದೆ. ಬೆಂಕಿ ಬರುವ ಮೊದಲೇ ಅದು ಒಣಗಿ, ಕಾದು, ಹೊಗೆ ಬಿಡುತ್ತಾ ಕಾಯುತ್ತಿರುತ್ತದೆ. ಆಸ್ಟ್ರೇಲಿಯಾದ ಬೆಂಕಿ ತಜ್ಞ ಮೆಕಾರ್ಥರ್ ಲೆಕ್ಕದಲ್ಲಿ ಇಳಿಜಾರು 10 ಡಿಗ್ರಿ ಹೆಚ್ಚಿದರೆ ಮೇಲೇರುವ ಬೆಂಕಿಯ ವೇಗ ಎರಡು ಪಟ್ಟು. 20 ಡಿಗ್ರಿಗೆ ನಾಲ್ಕು ಪಟ್ಟು. ಮನುಷ್ಯ ಹತ್ತುವಾಗ ನಿಧಾನವಾಗುತ್ತಾನೆ, ಬೆಂಕಿಗೆ ಜೋರು ಬರುತ್ತದೆ. ಕೊಡಗಿನಲ್ಲಿ 20 ಡಿಗ್ರಿಯ ಇಳಿಜಾರು ಹುಡುಕಿಕೊಂಡು ಹೋಗಬೇಕಿಲ್ಲ. ನಮ್ಮ ಮನೆಯ ಹಿತ್ತಲೇ ಇದೆ. ಕೊಲ್ಲಿಯಾದರೆ ಇನ್ನೂ ಕಷ್ಟ. ಎರಡೂ ಕಡೆ ದಿಣ್ಣೆ ಇದ್ದು ಅದು ಹೊಗೆಗೂಡಿನ ಹಾಗೆ ಗಾಳಿ ಎಳೆಯುತ್ತದೆ. ಕೊಲ್ಲಿಯ ತಲೆಯ ಮೇಲೆ, ನೋಟ ಚೆನ್ನಾಗಿರುತ್ತದೆ ಎಂದು ನಾವು ಮನೆ ಕಟ್ಟುತ್ತೇವೆ.

1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನಾದಲ್ಲಿ, ಮ್ಯಾನ್ ಗಲ್ಚ್ ಎಂಬ ಕಡಿದಾದ ಹುಲ್ಲಿನ ಕೊಲ್ಲಿಯಲ್ಲಿ ಇದೇ ಆಯಿತು. ಬೆಂಕಿ ನಂದಿಸಲು ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಹಾರಿ ಬಂದ ಗಟ್ಟಿಮುಟ್ಟಾದ ಹುಡುಗರು. ಬೆಂಕಿ ಕೆಳಗಿತ್ತು, ಅವರು ಮೇಲಕ್ಕೆ ಓಡಿದರು. 13 ಜನ ಸತ್ತರು. ಅವರ ನಾಯಕ ವ್ಯಾಗ್ನರ್ ಡಾಡ್ಜ್ ಓಡುವುದನ್ನು ನಿಲ್ಲಿಸಿ, ತನ್ನ ಮುಂದಿನ ಹುಲ್ಲಿಗೆ ತಾನೇ ಕಡ್ಡಿ ಗೀರಿದ. ಅದು ಸುಟ್ಟು ಹೋದ ಜಾಗದ ಬೂದಿಯಲ್ಲಿ ಮುಖ ಒತ್ತಿ ಮಲಗಿದ. ದೊಡ್ಡ ಬೆಂಕಿ ಅವನನ್ನು ಸುತ್ತಿ ಹಾದುಹೋಯಿತು. ಬದುಕಿದ. ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡ ಹುಡುಗರು ಜೊತೆಗೆ ಬರಲಿಲ್ಲ. ಒಮ್ಮೆ ಹೊಗೆಯೆಲ್ಲ ಬಿಟ್ಟ ನೆಲಕ್ಕೆ ಎರಡನೇ ಸಲ ಕೊಡಲು ಏನೂ ಇರುವುದಿಲ್ಲ. ಇಲಾಖೆಯವರು ಬೇಸಿಗೆಗೆ ಮೊದಲೇ ಸುಟ್ಟಿಡುವ ಬೆಂಕಿ ರೇಖೆಯ ಗುಟ್ಟೂ ಇದೇ.

ಅಮ್ಮನ ತಪ್ಪು ಹೆಡ್ಡತನವಲ್ಲ ಎಂದು ನನಗೆ ಆಮೇಲೆ ಅರ್ಥವಾಯಿತು. 2018 ಅವರಿಗೆ ಕಲಿಸಿದ್ದು ಕಡಿದಾದ ಮಣ್ಣಿನ ಬರೆಯ ಕೆಳಗೆ ನಿಲ್ಲಬೇಡ, ದಿಣ್ಣೆಗೆ ಹೋಗು ಎಂದು. ಮಳೆಗಾಲದಲ್ಲಿ ಅಪಾಯ ಮೇಲಿನಿಂದ ಇಳಿಯುತ್ತದೆ, ಮಣ್ಣಿನ ರೂಪದಲ್ಲಿ. ಬೇಸಿಗೆಯಲ್ಲಿ ಕೆಳಗಿನಿಂದ ಹತ್ತುತ್ತದೆ. ಬೆಟ್ಟ ಅದೇ, ದಾರಿ ಉಲ್ಟಾ. ಮಳೆಗೆ ಎಲ್ಲಿ ಹೋಗಬೇಕೆಂದು ನಮಗೆ ಈಗ ಚೆನ್ನಾಗಿ ಹೇಳಿಕೊಡುತ್ತಾರೆ. ಬೆಂಕಿಗೆ ಎಲ್ಲಿ ಹೋಗಬೇಕೆಂದು ನಮ್ಮೂರಲ್ಲಿ ಒಬ್ಬರೂ ಹೇಳಿರಲಿಲ್ಲ.

ಇನ್ನು ಬಿದಿರು. ಒಣ ಬಿದಿರನ್ನು ಬಿದಿರಿಗೆ ಗರಗಸದ ಹಾಗೆ ಉಜ್ಜಿ ಬೆಂಕಿ ಮಾಡಬಹುದು, ಸುಳ್ಳಲ್ಲ. ಆಗ್ನೇಯ ಏಷ್ಯಾದ ಕಾಡಿನ ಜನ ಮಾಡುತ್ತಾರೆ. ಆದರೆ ಒಂದೇ ಜಾಗದಲ್ಲಿ ಒತ್ತಿ ಹಿಡಿದು, ಬೆವರು ಸುರಿಸಿ, ಉದುರಿದ ಪುಡಿಯನ್ನು ಒಟ್ಟು ಮಾಡಿ, ಕಿಡಿ ಬಂದಾಗ ನಾರು ಇಟ್ಟು ಊದಬೇಕು. ಗಾಳಿಗೆ ಕಿರ್ ಎಂದು ಓಲಾಡುವ ಹಸಿ ಬಿದಿರಿಗೆ ಇದನ್ನೆಲ್ಲ ಮಾಡಿಕೊಡುವವರು ಯಾರು? ಅದು ಹುಟ್ಟಿಸುವ ಅಷ್ಟಿಷ್ಟು ಬಿಸಿಯನ್ನು ಅದೇ ಗಾಳಿ ಒಯ್ಯುತ್ತದೆ. ಕಾಳ್ಗಿಚ್ಚು ಎಂಬ ಪದ ಹಳೆಗನ್ನಡದಿಂದ ಇದೆ, ಖಾಂಡವ ವನದ ಕಥೆ ಎಲ್ಲರಿಗೂ ಗೊತ್ತು. ಆ ಕಥೆಯಲ್ಲೂ ಬೆಂಕಿಗೆ ಬಿದಿರು ಕಾರಣವಲ್ಲ, ಇಬ್ಬರು ಮನುಷ್ಯರು ಪಕ್ಕದಲ್ಲಿ ನಿಂತು ಸಹಾಯ ಮಾಡಿದ್ದಾರೆ! ನಮ್ಮ ದೇಶದ ಕಾಡಿನ ಬೆಂಕಿಗಳಲ್ಲಿ ಬಹುಪಾಲು ಮನುಷ್ಯರಿಂದಲೇ ಆದದ್ದು. ಬೀಡಿ, ರಸ್ತೆ ಬದಿ ಒಟ್ಟಿದ ತರಗೆಲೆ, ಹೊಸ ಹುಲ್ಲಿನ ಆಸೆ, ಹಳೇ ದ್ವೇಷ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 10 ಸಾವಿರ ಎಕರೆಗೂ ಹೆಚ್ಚು ಸುಟ್ಟು, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಬಿದಿರಿನ ಕಥೆಯ ನಿಜವಾದ ತೊಂದರೆ ಏನೆಂದರೆ, ಅದನ್ನು ಹೇಳಿದ ಮೇಲೆ ಯಾರನ್ನೂ ಏನೂ ಕೇಳಬೇಕಾಗಿಲ್ಲ.

ಬಿದಿರಿಗೆ ಒಂದು ಪಾತ್ರವಂತೂ ಇದೆ, ಕೊನೆಯ ಅಂಕದಲ್ಲಿ. ಬೆಂಕಿ ಬಂದಾಗ ಗಿಣ್ಣುಗಳ ನಡುವೆ ಸಿಕ್ಕಿದ ಗಾಳಿ, ಆವಿ ಉಬ್ಬಿ ಢಂ ಎಂದು ಒಡೆಯುತ್ತದೆ, ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಕೋವಿ ಹಾರಿಸಿದ ಹಾಗೆ. ಆ ಸದ್ದು ಕೇಳಿಯೇ ಅದರ ಮೇಲೆ ಅಪವಾದ ಹೊರಿಸಿರಬೇಕು.

ಹಾಗೆಂದು ಎಲ್ಲ ಬೆಂಕಿಯೂ ವೈರಿಯಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 'ತರಗು ಬೆಂಕಿ' ಎನ್ನುತ್ತಾರೆ. ನೆಲ ಪೂರ್ತಿ ಒಣಗುವ ಮೊದಲೇ ತರಗೆಲೆಗೆ ಹಚ್ಚುವ ಸಣ್ಣ ಬೆಂಕಿ. ಎಲೆ ಸುಡುತ್ತದೆ, ಮರದ ತೊಗಟೆ 300 ಡಿಗ್ರಿ ಮುಟ್ಟುವ ಮೊದಲೇ ಮುಂದೆ ಹೋಗಿರುತ್ತದೆ. 1974ರಲ್ಲಿ ಅದು ಅಭಯಾರಣ್ಯವಾದ ಮೇಲೆ ಈ ಪದ್ಧತಿ ನಿಂತಿತು. ಲಂಟಾನ ಎಂಬ ಕಳೆ ಪೊದೆ ಹಬ್ಬಿದ್ದು ಅದರಿಂದಲೇ ಎಂದು ಅವರು ಹೇಳುತ್ತಾರೆ. ಲಂಟಾನ ನೆಲದ ಬೆಂಕಿಗೆ ಏಣಿ ಹಾಕಿಕೊಟ್ಟ ಹಾಗೆ, ಕೊಂಬೆಯ ತನಕ ಹತ್ತಿಸುತ್ತದೆ. ಈ ವಿಷಯದಲ್ಲಿ ನನ್ನ ಓಟು ಸೋಲಿಗರಿಗೆ. ಆದರೆ ಮಾರ್ಚ್ ರಾತ್ರಿಯಲ್ಲಿ ಬಾಣೆಗೆ ಕಡ್ಡಿ ಗೀರುವುದು ತರಗು ಬೆಂಕಿಯಲ್ಲ.

ನಮ್ಮ ಮನೆ ಉಳಿದದ್ದು ನಮ್ಮ ಜಾಣತನದಿಂದಲ್ಲ. ಹೂಮಳೆ ಬರಲಿಲ್ಲ ಎಂದು ಆ ವಾರವೇ ಮನೆ ಕೆಳಗಿನ ರೊಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದ್ದೆ. ಒದ್ದೆ ತರಗಿನ ಹತ್ತಿರ ಬಂದು ಬೆಂಕಿ ಸಾಲ ಕೊಟ್ಟು ಕೊಟ್ಟು ಸೋತಿತು. ಹುಡುಗರು ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಮುಗಿಸಿದರು. ಹೂ ಬಿಡಿಸಲು ಹಾಕಿದ ನೀರು, ಬೇರೆ ಕೆಲಸಕ್ಕೆ ಬಂತು.

ಆದರೆ ಬೆಳಿಗ್ಗೆ ವಾಪಸ್ ಬಂದು ನೋಡಿದರೆ ಮಾಡಿನ ಅಂಚಿನ ಮಳೆನೀರಿನ ದೋಣಿಯಲ್ಲಿ ಮೂರು ಕಡೆ ಕಪ್ಪು ಕಲೆ. ಕಿಡಿಗಳು ಹಾರಿ ಬಂದು ಸಿಲ್ವರ್ ಓಕ್ ಎಲೆಗಳ ಮೇಲೆ ಕೂತಿದ್ದವು. ದೋಣಿ ಗುಡಿಸುವುದು ಮೇ ತಿಂಗಳ ಕೆಲಸ ಎಂದು ನಾನು ಬಿಟ್ಟಿದ್ದೆ. 2025ರ ಜನವರಿಯಲ್ಲಿ ಲಾಸ್ ಏಂಜಲಿಸ್ ಸುತ್ತಮುತ್ತ 16 ಸಾವಿರಕ್ಕೂ ಹೆಚ್ಚು ಕಟ್ಟಡ ಸುಟ್ಟಾಗ, ಎಷ್ಟೋ ಮನೆ ಬೂದಿಯಾಗಿ ಪಕ್ಕದ ಮರ ಹಸಿರಾಗಿಯೇ ನಿಂತಿತ್ತು. ಅಲ್ಲಿ ಎಷ್ಟೋ ಮನೆಗಳಿಗೆ ಬಂದದ್ದು ಜ್ವಾಲೆಯ ಗೋಡೆಯಲ್ಲ, ಗಾಳಿಯಲ್ಲಿ ತೂರಿಬಂದ ಕಿಡಿ. ನಮ್ಮ ದೋಣಿಯಲ್ಲಿ ಅವು ಯಾಕೆ ಆರಿದವೋ ನನಗೆ ತಿಳಿಯದು. ಬೆಳಗಿನ ಇಬ್ಬನಿ ಇರಬಹುದು.

ಮೂರನೇ ದಿನ ಬಾಣೆಯಲ್ಲಿ ಹಳೇ ಹಲಸಿನ ಬೊಡ್ಡೆಯೊಂದು ಇನ್ನೂ ಹೊಗೆಯಾಡುತ್ತಿತ್ತು. ಜ್ವಾಲೆ ಇಲ್ಲ, ಬೇರಿನ ಒಳಗೆ ಕೆಂಡ. ಆರು ಕೊಡ ನೀರು ಹೊತ್ತು ಸುರಿದೆ. ವಾಚರ್ ಹೇಳಿಕೊಟ್ಟ ಹಾಗೆ ಅಂಗೈ ಬಿಟ್ಟು ಕೈಯ ಹಿಂಭಾಗವನ್ನು ಮಣ್ಣಿನ ಹತ್ತಿರ ಹಿಡಿದು ನೋಡಿದೆ. ಮೇಲಿನ ಮನೆಯ ಮಾವ ಬೇಲಿಯಿಂದ ಕೂಗಿದರು, "ಆರಿತಾ?" ಇಲ್ಲ, ಬೆಚ್ಚಗಿತ್ತು. ಏಳನೇ ಕೊಡಕ್ಕೆ ಕೆರೆಗೆ ಇಳಿದೆ.